ಹಿಮಗಿರಿಯ ಸೇನಾನಿ ಜನರಲ್ ತಿಮ್ಮಯ್ಯ

ನಮ್ಮ ಸಾಂಗಲಿ-ಮಿರಜ ಭಾಗದಿಂದ ಸೈನ್ಯಕ್ಕೆ ಸೇರಿದವರು ಅನೇಕರು. ಅವರ ಟೋಪಿಯ ಬಿಲ್ಲೆ, ತೋಳಿನ ಪಟ್ಟಿ, ಹೆಗಲಿನ ನಕ್ಷತ್ರಗಳು ಬರಿಯ ಅಲಂಕಾರವಲ್ಲ. ಪಡೆ ಯಾವುದು, ಹೊಣೆ ಎಷ್ಟು ಎಂದು ತಿಳಿಸುವ ಗುರುತುಗಳು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರ್ವತದಳದವರು ಟೋಪಿಯಲ್ಲೂ ಬಲತೋಳಿನಲ್ಲೂ ಎಡೆಲ್‌ವೈಸ್ ಎಂಬ ಬೆಟ್ಟದ ಹೂವಿನ ಚಿಹ್ನೆ ಧರಿಸುತ್ತಿದ್ದರು. ಆದರೆ ಯಾವ ಚಿಹ್ನೆಗೂ ಬೆಲೆ ಬರುವುದು ಧರಿಸಿದವನ ನಡತೆಯಿಂದಲೇ. ಇದಕ್ಕೆ ಜನರಲ್ ತಿಮ್ಮಯ್ಯನವರ ಜೀವನವೇ ನಿದರ್ಶನ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಕೊಡಗಿನ ಮಡಿಕೇರಿಯಲ್ಲಿ ಜನಿಸಿದರು. ಬೆಂಗಳೂರು, ಡೆಹರಾಡೂನುಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಆಗ ಅವರ ಹೆಗಲ ಮೇಲಿದ್ದುದು ಒಂದೇ ನಕ್ಷತ್ರ. ಅವರು ಸೇರಿದ ಹೈದರಾಬಾದ್ ರೆಜಿಮೆಂಟಿನಲ್ಲಿ ಹಿಮಾಲಯದ ಕುಮಾವೂಂ ಬೆಟ್ಟಗಳ ಜವಾನರು ಬಹಳ ಮಂದಿ ಇದ್ದರು. 1945ರಲ್ಲಿ ಅದಕ್ಕೆ ಕುಮಾವೂಂ ರೆಜಿಮೆಂಟ್ ಎಂದೇ ಹೆಸರಾಯಿತು. ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಜಪಾನೀಯರೊಡನೆ ಕಾದಾಡಿದ ಅವರು ರಣರಂಗದಲ್ಲಿ ಬ್ರಿಗೇಡನ್ನೇ ಮುನ್ನಡೆಸಿದರು.

1948ರಲ್ಲಿ ಅವರಿಗೆ ನಿಜವಾದ ಸತ್ವಪರೀಕ್ಷೆ ಎದುರಾಯಿತು. ಲಡಾಖಿಗೆ ಹೋಗುವ ಜೋಜಿಲಾ ಕಣಿವೆ ವೈರಿಗಳ ವಶವಾಗಿ, ಲೇಹ್ ಪಟ್ಟಣ ಗಂಡಾಂತರದಲ್ಲಿತ್ತು. ಸೆಪ್ಟೆಂಬರಿನಲ್ಲಿ ಕಾಲ್ದಳದ ದಾಳಿ ಫಲಿಸಲಿಲ್ಲ. ಚಳಿಗಾಲ ಸಮೀಪಿಸಿತ್ತು, ಜವಾನರಿಗೆ ಹಿಮಕ್ಕೆ ತಕ್ಕ ಉಡುಪೂ ಸಾಕಷ್ಟಿರಲಿಲ್ಲ. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಏರಿಸಲು ನಿಶ್ಚಯಿಸಿದರು. ಗುಟ್ಟು ಬಯಲಾಗದಂತೆ ಟ್ಯಾಂಕುಗಳ ಮೇಲಿನ ಫಿರಂಗಿ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಲಾಯಿತು. ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಯ ದಾರಿಯನ್ನು ಅಗಲಗೊಳಿಸಿದರು. ನವೆಂಬರ್ 1ರಂದು ಹಿಮ ಬೀಳುತ್ತಿರುವಾಗಲೇ ಸುಮಾರು 11,500 ಅಡಿ ಎತ್ತರದ ಕಣಿವೆಗೆ ಟ್ಯಾಂಕುಗಳು ನುಗ್ಗಿದವು. ತಿಮ್ಮಯ್ಯನವರು ಹಿಂದೆ ನಿಂತು ಆಜ್ಞೆ ಕೊಡಲಿಲ್ಲ. ಮುಂದಿನ ಟ್ಯಾಂಕಿನಲ್ಲಿ ತಾವೇ ಇದ್ದರು. ವೈರಿಗಳು ದಿಕ್ಕೆಟ್ಟರು. ಅದೇ ತಿಂಗಳು ಕಾರ್ಗಿಲ್ ಕೈಸೇರಿ ಲೇಹದ ದಾರಿ ತೆರೆಯಿತು.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಹೆಗಲ ಮೇಲೆ ಅಶೋಕನ ಸಿಂಹಲಾಂಛನ, ನಕ್ಷತ್ರ, ಅಡ್ಡಲಾಗಿ ಜೋಡಿಸಿದ ಕತ್ತಿ-ದಂಡಗಳು ಬಂದವು. 1961ರಲ್ಲಿ ನಿವೃತ್ತರಾದರೂ ಕರ್ತವ್ಯ ಅವರನ್ನು ಬಿಡಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿಯ ಶಾಂತಿಪಡೆಗೆ ದಂಡನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ತೆರಳಿದರು. ಯುದ್ಧ ಗೆದ್ದ ಸೇನಾನಿ ಅಲ್ಲಿ ಯುದ್ಧ ತಡೆಯುವ ಕೆಲಸಕ್ಕೆ ನಿಂತರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅಲ್ಲಿ ನಿಧನರಾದರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಒಂದು ನಕ್ಷತ್ರದಿಂದ ಅತ್ಯುನ್ನತ ಪದವಿಯವರೆಗೆ ಏರಿದರೂ, ಜವಾನನ ಚಳಿಯನ್ನೂ ಅಪಾಯವನ್ನೂ ಹಂಚಿಕೊಂಡವರು ತಿಮ್ಮಯ್ಯನವರು. ವಿದ್ಯಾರ್ಥಿಮಿತ್ರರೇ, ಅವರಿಂದ ನಾವು ಕಲಿಯಬೇಕಾದುದು ಇದನ್ನೇ.