ಏಕಾಂತದ ರಾಮಯ್ಯ: ತಲೆ, ಓಲೆ ಮತ್ತು ಶಾಸನ

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಏಕಾಂತದ ರಾಮಯ್ಯನ ಹೆಸರು ಬಂದೊಡನೆ ನೆನಪಾಗುವುದು ಅವನು ತಲೆಯನ್ನು ಅರಿದುಕೊಂಡು ಮರಳಿ ಪಡೆದ ಪವಾಡ. ಈ ಪವಾಡದ ಬೆರಗಿನಲ್ಲಿ ಎರಡು ಸಂಗತಿಗಳು ಮರೆಯಾಗಿವೆ. ಒಂದು, ಅವನ ಜೀವನಕಥನಕ್ಕೆ ಕಾವ್ಯಗಳಷ್ಟೇ ಅಲ್ಲದೆ ಶಾಸನದ ಆಧಾರವೂ ಇದೆ. ಇನ್ನೊಂದು, ಆ ಶಾಸನವು ಹಿಂಸೆಯ ಪ್ರಸಂಗವೊಂದನ್ನು ಆರಂಭದಿಂದ ಕೊನೆಯವರೆಗೂ ಕ್ರಮದ ಭಾಷೆಯಲ್ಲಿ, ಅಂದರೆ ಒಪ್ಪಂದ, ವಿಚಾರಣೆ, ತೀರ್ಪು, ದತ್ತಿಗಳ ಭಾಷೆಯಲ್ಲಿ ನಿರೂಪಿಸುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ ಈ ಶಾಸನಕ್ಕೆ ಕಾಲನಿರ್ದೇಶವಿಲ್ಲ. ಅದು ಸುಮಾರು ಕ್ರಿ.ಶ. ೧೨೦೦ರದೆಂದು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಸಂಪಾದಿಸಿದ ಜೆ.ಎಫ್. ಫ್ಲೀಟ್ ನಿರ್ಣಯಿಸಿದ್ದಾನೆ.

ರಾಮಯ್ಯನ ಹುಟ್ಟೂರು ಕುಂತಲ ದೇಶದ ಅಳಂದೆ, ಅಂದರೆ ಕಡಗಂಚಿಯನ್ನು ಒಳಗೊಂಡ ಇಂದಿನ ಕಲಬುರಗಿ ಜಿಲ್ಲೆಯ ಆಳಂದ. ಚಾಲುಕ್ಯರ ಕಾಲದಲ್ಲಿ ಅದು ಅಳಂದೆ ಸಾಸಿರವೆಂಬ ಆಡಳಿತ ವಿಭಾಗದ ಕೇಂದ್ರ. ತಂದೆ ಶ್ರೀವತ್ಸ ಗೋತ್ರದ ಪುರುಷೋತ್ತಮಭಟ್ಟ, ತಾಯಿ ಪದ್ಮಾಂಬಿಕೆ. ಆದರೆ ಶಾಸನಕವಿ ಈ ದಂಪತಿಗಳಿಂದ ಕಥೆಯನ್ನು ಆರಂಭಿಸುವುದಿಲ್ಲ. ಕಥೆ ಕೈಲಾಸದಲ್ಲಿ ತೊಡಗುತ್ತದೆ. ಭೂಮಿಯಲ್ಲಿ ಜೈನ ಬೌದ್ಧ ಸಮಯಗಳು ಮೇಲುಗೈ ಪಡೆದಿವೆಯೆಂದು ನಾರದ ಶಿವನಿಗೆ ಬಿನ್ನವಿಸುತ್ತಾನೆ. ನಿನ್ನ ಅಂಶದಿಂದ ಒಬ್ಬನನ್ನು ಮನುಷ್ಯಲೋಕದಲ್ಲಿ ಹುಟ್ಟಿಸಿ ಅವುಗಳನ್ನು ನಿಯಂತ್ರಿಸೆಂದು ಶಿವನು ವೀರಭದ್ರನಿಗೆ ಅಪ್ಪಣೆ ಕೊಡುತ್ತಾನೆ.

ವೀರಭದ್ರನ ಆಯ್ಕೆ ಇಲ್ಲಿ ಆಕಸ್ಮಿಕವಲ್ಲ. ಸೃಷ್ಟಿಪುರಾಣಗಳಲ್ಲಿ ಲೋಕದ ವ್ಯವಸ್ಥೆ ಹಿಂಸೆಯಿಲ್ಲದೆ ಹುಟ್ಟುವುದು ವಿರಳ. ಬ್ಯಾಬಿಲೋನಿನ ಮಾರ್ದುಕ್ ತಿಯಾಮತಳ ದೇಹವನ್ನು ಎರಡಾಗಿ ಸೀಳಿ ಭೂಮ್ಯಾಕಾಶಗಳನ್ನು ನಿರ್ಮಿಸುತ್ತಾನೆ. ವೃತ್ರವಧೆಯಾಗದೆ ವೈದಿಕರ ನೀರು ಹರಿಯುವುದಿಲ್ಲ. ಪುರುಷಸೂಕ್ತದಲ್ಲಿ ಬಲಿಯಾದ ಪುರುಷನ ಅವಯವಗಳೇ ಸೂರ್ಯಚಂದ್ರರೂ ವರ್ಣಗಳೂ ಆಗುತ್ತವೆ. ದಕ್ಷನ ಕಥೆಯೂ ಈ ಬಳಗಕ್ಕೆ ಸೇರಿದ್ದು, ಏಕೆಂದರೆ ಅವನು ಪ್ರಜಾಪತಿ, ಸೃಷ್ಟಿಕಾರ್ಯಕ್ಕೆ ನಿಯುಕ್ತನಾದವನು. ಅವನ ಯಜ್ಞದಲ್ಲಿ ಶಿವನಿಗೆ ಹವಿರ್ಭಾಗ ತಪ್ಪಿದಾಗ ವೀರಭದ್ರ ಯಜ್ಞವನ್ನು ಧ್ವಂಸಮಾಡಿ ದಕ್ಷನ ತಲೆ ಕಡಿಯುತ್ತಾನೆ; ಬಳಿಕ ಆಡಿನ ತಲೆ ಪಡೆದು ದಕ್ಷ ಏಳುತ್ತಾನೆ, ನಿಂತ ಯಜ್ಞ ಮುಂದುವರಿಯುತ್ತದೆ, ಶಿವನಿಗೆ ಪಾಲು ಸಲ್ಲುತ್ತದೆ. ತಲೆ ಹೋಗುವುದು, ತಲೆ ಬರುವುದು, ಪಾಲು ದೊರೆಯುವುದು: ಅಬ್ಬಲೂರಿನ ಶಾಸನಕವಿಯ ಮುಂದಿದ್ದ ಮಾದರಿ ಇದೇ ಎಂದು ತೋರುತ್ತದೆ. ಆದರೆ ಅವನು ಅದನ್ನು ತಿರುಗಿಸಿಕೊಂಡಿದ್ದಾನೆ. ಪುರಾಣದ ವೀರಭದ್ರ ಎದುರಾಳಿಯ ತಲೆ ತೆಗೆದರೆ, ಅವನ ಅಂಶದವನಾದ ರಾಮಯ್ಯ ಮೊದಲು ತನ್ನ ತಲೆಯನ್ನೇ ತೆಗೆಯುತ್ತಾನೆ.

ಬಾಲ್ಯದ ವಿವರಗಳು ಶಾಸನದಲ್ಲಿ ಕಡಿಮೆ. ಏಕಾಂತದಲ್ಲಿ ಶಿವನನ್ನು ಭಜಿಸುತ್ತಿದ್ದುದರಿಂದ ಅವನಿಗೆ ಏಕಾಂತದ ರಾಮಯ್ಯನೆಂಬ ಹೆಸರಾಯಿತು. ಕ್ಷೇತ್ರಗಳನ್ನು ಸಂಚರಿಸುತ್ತ ಅವನು ಹುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬಂದು ಅಲ್ಲಿನ ಸೋಮನಾಥನನ್ನು ಆರಾಧಿಸಿದನು. ಅಬ್ಬಲೂರಿಗೆ ಹೋಗಿ ನೆಲಸಬೇಕು, ಜೈನರೊಡನೆ ತಲೆಯನ್ನು ಪಣವಾಗಿಟ್ಟು ವಾದಿಸಬೇಕು ಎಂಬ ಆಣತಿ ಅವನಿಗಾದುದು ಅಲ್ಲಿಯೇ. ಹುಲಿಗೆರೆ ಜೈನರ ಪ್ರಾಚೀನ ನೆಲೆ. ಅಲ್ಲಿನ ಸುರಹೊನ್ನೆಯ ಬಸದಿಯಲ್ಲಿ ಸೌರಾಷ್ಟ್ರದ ಸೋಮನಾಥನನ್ನು ತಂದು ಪ್ರತಿಷ್ಠಿಸಿದನೆನ್ನಲಾದ ಆದಯ್ಯನ ಕಥೆಯೂ ಆ ಊರಿನದೇ. ರಾಮಯ್ಯನ ಕಥೆ ಒಂಟಿಯಲ್ಲ.

ಅಬ್ಬಲೂರಿನಲ್ಲಿ ಅವನಿಗೆ ಎದುರಾದವನು ಸಂಕಗಾವುಂಡ. ಗಾವುಂಡನೆಂದರೆ ಊರಿನ ಒಡೆತನ ಉಳ್ಳವನು. ಕುದುರೆ, ಆಳುಗಳನ್ನು ನಿಲ್ಲಿಸಬಲ್ಲವನು. ಅದೇ ಊರಿನ ಬ್ರಹ್ಮೇಶ್ವರ ದೇವಾಲಯಕ್ಕೆ ಸಂಬಂಧಿಸಿದ ೧೧೦೧ ಮತ್ತು ೧೧೦೪ರ ಶಾಸನಗಳು ಕಾಳಾಮುಖ ಆಚಾರ್ಯರ ಪ್ರಭಾವವನ್ನು ಮೊದಲೇ ಸೂಚಿಸುತ್ತವೆ. ಹೀಗಾಗಿ ರಾಮಯ್ಯ ಕಾಲಿಟ್ಟದ್ದು ಶೈವವೇ ಇಲ್ಲದ ಊರಿಗಲ್ಲ. ಎರಡು ಸಮಯಗಳು ಊರಿನ ಭೂಮಿ ಮತ್ತು ಮನ್ನಣೆಯನ್ನು ಹಂಚಿಕೊಂಡಿದ್ದ ಸ್ಥಳಕ್ಕೆ.

ವಾದ ಪಣಕ್ಕೆ ತಿರುಗಿತು. ರಾಮಯ್ಯ ತಲೆಯನ್ನು ಅರಿದು ಶಿವನ ಪಾದದಲ್ಲಿಟ್ಟು ಮರಳಿ ಪಡೆದರೆ ಜೈನರು ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸಬೇಕು. ಇಷ್ಟು ಬಾಯಿಮಾತಿನಲ್ಲಿ ಉಳಿಯಲಿಲ್ಲ. ಜೈನರು ಓಲೆ ಬರೆದುಕೊಟ್ಟರು. ಏಳು ದಿನಗಳಾದ ಮೇಲೆ ತಲೆ ಕಲೆಯೂ ಇಲ್ಲದಂತೆ ಕೂಡಿತೆನ್ನುತ್ತದೆ ಶಾಸನ. ಜೈನರು ಮಾತಿಗೆ ತಪ್ಪಿದರು. ಆಗ ರಾಮಯ್ಯ ಕಾವಲಿಗಿದ್ದ ಕುದುರೆ, ಆಳುಗಳನ್ನು ಸೋಲಿಸಿ ಜಿನಬಿಂಬವನ್ನು ಒಡೆದನು.

ತಲೆ ಅರಿದುಕೊಳ್ಳುವುದು ಆ ಕಾಲದ ಕನ್ನಡ ನಾಡಿಗೆ ಅಪರಿಚಿತವಾದ ಕಲ್ಪನೆಯಲ್ಲ. ಬಾಗಿಸಿದ ಗಳುವಿಗೆ ಮುಡಿಯನ್ನು ಕಟ್ಟಿ ತಲೆ ಕೊಟ್ಟವರ ಸಿಡಿತಲೆಗಲ್ಲುಗಳು ನಾಡಿನಲ್ಲಿ ಅನೇಕ ಕಡೆ ದೊರೆತಿವೆ. ಒಡೆಯನಿಗಾಗಿ ಪ್ರಾಣ ನೀಡುವ ವೇಳೆವಾಳಿ, ಗರುಡರ ಪದ್ಧತಿ ಹೊಯ್ಸಳರಲ್ಲಿ ಪ್ರಬಲವಾಗಿತ್ತು. ಇಮ್ಮಡಿ ಬಲ್ಲಾಳನಿಗಾಗಿ ಪತ್ನಿ ಹಾಗೂ ಸಂಗಡಿಗರೊಡನೆ ಪ್ರಾಣ ತೆತ್ತ ಕುವರ ಲಕ್ಷ್ಮನ ಸ್ಮಾರಕ ಹಳೇಬೀಡಿನಲ್ಲಿದೆ. ಆದರೆ ಸಿಡಿತಲೆ ಕೊಟ್ಟವನ ತಲೆ ಮರಳುವುದಿಲ್ಲ, ಕಲ್ಲು ಮಾತ್ರ ಉಳಿಯುತ್ತದೆ. ರಾಮಯ್ಯನ ಆಖ್ಯಾನ ವೀರಗಲ್ಲಿನ ಲೋಕದಿಂದ ಕ್ರಿಯೆಯನ್ನೂ ಪುರಾಣದಿಂದ ಫಲವನ್ನೂ ತೆಗೆದುಕೊಂಡಿದೆ. ಇಷ್ಟು ಹೇಳಿದ ಮಾತ್ರಕ್ಕೆ ಬಿಂಬಭಂಗವೂ ಬರಿಯ ಕಥೆಯೆಂದು ತಳ್ಳಿಹಾಕಲಾಗದು. ತಲೆ ಕೂಡಿದುದನ್ನು ಚರಿತ್ರೆ ಒಪ್ಪಬೇಕಿಲ್ಲ. ಜಿನಾಲಯವೊಂದರ ಮೇಲಿನ ದಾಳಿಯನ್ನು ನಂಬದಿರಲು ಕಾರಣವಿಲ್ಲ. ಪವಾಡದ ಮುಸುಕಿನಲ್ಲಿ ಈ ದಾಳಿಯನ್ನು ಮೆಚ್ಚಿಕೊಳ್ಳುವ ಅಥವಾ ಮರೆಯುವ ಎರಡೂ ಬಗೆಯ ಬರಹಗಳು ಕನ್ನಡದಲ್ಲಿ ಬಂದಿವೆ. ಎರಡೂ ಶಾಸನಕ್ಕೆ ನ್ಯಾಯ ಒದಗಿಸಿಲ್ಲ.

ಶಾಸನದ ನಿಜವಾದ ಕುತೂಹಲ ಮುಂದಿನ ಭಾಗದಲ್ಲಿದೆ. ಜೈನರು ಕಳಚುರಿ ಬಿಜ್ಜಳನಲ್ಲಿ ದೂರಿದರು. ಬಿಜ್ಜಳ ರಾಮಯ್ಯನನ್ನು ಕರೆಸಿ ಕೇಳಿದಾಗ ಅವನು ಮುಂದಿಟ್ಟದ್ದು ಪವಾಡವನ್ನಲ್ಲ, ಓಲೆಯನ್ನು. ಹುಲಿಗೆರೆಯ ಆನೆಸೆಜ್ಜೆಯ ಬಸದಿಯೂ ಸೇರಿದಂತೆ ಬಸದಿಗಳನ್ನೆಲ್ಲ ಪಣವಿಡುವುದಾದರೆ ತಲೆಯನ್ನು ಮತ್ತೊಮ್ಮೆ ಒಡ್ಡಲು ಸಿದ್ಧನೆಂದನು. ಜೈನರು ಒಪ್ಪಲಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟು, ಅಬ್ಬಲೂರಿನ ವೀರಸೋಮನಾಥನಿಗೆ ಬನವಾಸಿ ನಾಡಿನ ಗೋಗಾವೆ ಗ್ರಾಮವನ್ನು ಬಿಟ್ಟನು. ಹೀಗೆ ಊರಿನಲ್ಲಿ ನಡೆದ ಧ್ವಂಸ ಅರಮನೆಯಲ್ಲಿ ಒಪ್ಪಂದದ ಜಾರಿಯಾಗಿ ಮಾರ್ಪಟ್ಟಿತು. ಪರಂಪರೆ ಜೈನನೆಂದು ಚಿತ್ರಿಸುವ ಬಿಜ್ಜಳನೇ ಇಲ್ಲಿ ಶೈವನಿಗೆ ಜಯಪತ್ರ ಕೊಟ್ಟವನೆಂಬುದು ಗಮನಾರ್ಹ.

ಬಿಜ್ಜಳನ ಆಳ್ವಿಕೆ ೧೧೬೭ಕ್ಕೆ ಮುಗಿಯಿತು. ಕಳಚುರಿಗಳ ಬಲ ಕುಗ್ಗಿ ೧೧೮೪ರ ಸುಮಾರಿಗೆ ಚಾಲುಕ್ಯ ನಾಲ್ವಡಿ ಸೋಮೇಶ್ವರ ಪಟ್ಟಕ್ಕೆ ಬಂದನು. ಅವನೂ ದಂಡನಾಯಕ ಬ್ರಹ್ಮನೂ ಶಿವಭಕ್ತರ ಕಥೆಗಳನ್ನು ಕೇಳುತ್ತಿದ್ದಾಗ ರಾಮಯ್ಯನ ಪ್ರಸ್ತಾಪ ಬಂದಿತೆಂದೂ ಅರಸನು ಅವನನ್ನು ಬರಮಾಡಿಕೊಂಡು ಪಾದ ತೊಳೆದು ಅಬ್ಬಲೂರನ್ನೇ ದೇವರಿಗೆ ದತ್ತಿ ಬಿಟ್ಟನೆಂದೂ ಶಾಸನ ತಿಳಿಸುತ್ತದೆ. ಮುಂದೆ ಹಾನುಗಲ್ಲಿನ ಕದಂಬ ಕಾಮದೇವ ಮಲ್ಲವಳ್ಳಿಯನ್ನು ಕೊಟ್ಟನು. ಮೂರು ರಾಜಮನೆತನಗಳು, ಮೂರು ಗ್ರಾಮಗಳು. ರಾಜ್ಯ ಕೈಬದಲಾದಂತೆಲ್ಲ ರಾಮಯ್ಯನ ಕಥೆ ಮತ್ತೆ ಕೇಳಿಸಿದೆ, ಹೊಸ ದತ್ತಿ ಹಳೆಯ ಜಯಪತ್ರದ ಮೇಲೆ ಕೂತಿದೆ. ದಕ್ಷಯಜ್ಞದಲ್ಲಿ ಹವಿಸ್ಸಿನ ಪಾಲು ಹೇಗೋ ಇಲ್ಲಿ ಗ್ರಾಮಗಳ ಹುಟ್ಟುವಳಿ ಹಾಗೆ.

ಶಾಸನದಲ್ಲಿ ಬಸವಣ್ಣನ ಹೆಸರಿಲ್ಲ. ಈ ಕಾರಣದಿಂದ ಫ್ಲೀಟ್ ವೀರಶೈವದ ಪುನರುತ್ಥಾನಕ್ಕೆ ರಾಮಯ್ಯನನ್ನೇ ಮುಂದಾಳುವೆಂದು ಭಾವಿಸಿದನು. ೧೨೬೦ರ ಅರ್ಜುನವಾಡ ಶಾಸನ ಬೆಳಕಿಗೆ ಬಂದ ಮೇಲೆ ಆ ಊಹೆ ಸಡಿಲವಾಯಿತು. ಹರಿಹರನ ಏಕಾಂತರಾಮಿತಂದೆಯ ರಗಳೆ ಭಕ್ತನ ನಿಷ್ಠೆಗೆ ಒತ್ತು ಕೊಟ್ಟರೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ೧೩೬೯ರ ಭೀಮಕವಿಯ ಕನ್ನಡ ಬಸವಪುರಾಣವೂ ರಾಮಯ್ಯನನ್ನು ಬಸವಣ್ಣನ ಕಥಾವಲಯದೊಳಗೆ ತಂದವು. ಅವನ ಹೆಸರಿನಲ್ಲಿ ಕೆಲವು ವಚನಗಳೂ ಸಂಕಲನಗಳಲ್ಲಿ ಸೇರಿವೆ.

ಅಬ್ಬಲೂರಿನ ದೇವಾಲಯದಲ್ಲಿ ಈ ಘಟನೆಗಳನ್ನು ಶಿಲ್ಪದಲ್ಲಿಯೂ ಕಂಡರಿಸಿ ಕೆಳಗೆ ಕಿರುಬರಹಗಳನ್ನು ಕೊರೆದಿದ್ದಾರೆ. ಓಲೆ ಕೊಟ್ಟ ಠಾವು ಒಂದು. ಬಸದಿಯನ್ನು ಒಡೆಯಲು ಬಿಡೆನೆಂದು ಸಂಕಗಾವುಂಡ ಆಳು ಕುದುರೆಗಳನ್ನು ಒಡ್ಡಿದಲ್ಲಿ ರಾಮಯ್ಯ ಕಾದಿ ಗೆದ್ದು ಲಿಂಗವನ್ನು ಪ್ರತಿಷ್ಠಿಸಿದ ಠಾವು ಇನ್ನೊಂದು. ಜೈನರು ಮಾತಿಗೆ ತಪ್ಪಿದರೆನ್ನುವ ದೀರ್ಘ ಶಾಸನಕ್ಕೂ, ಬಸದಿಯನ್ನು ಕಾಯಲು ನಿಂತ ಗಾವುಂಡನನ್ನು ಹೆಸರಿಟ್ಟು ತೋರಿಸುವ ಈ ಕಿರುಬರಹಕ್ಕೂ ಅಂತರವಿದೆ. ಗೆದ್ದವರ ಗುಡಿಯ ಗೋಡೆಯಲ್ಲಿಯೇ ಸೋತವನ ಪ್ರತಿರೋಧ ಅಷ್ಟರಮಟ್ಟಿಗೆ ದಾಖಲಾಗಿದೆ.