ಸೋಲಿನ ತಿರುವಿನಾಚೆಗೆ ಸಾಗಿದ ಜಿನೊ ಬಾರ್ತಲಿ

ಮುಡುಕುತೊರೆಯ ಬೆಟ್ಟದ ಬುಡದಲ್ಲಿ ಕಾವೇರಿ ತಿರುವು ಪಡೆದು ಮುಂದೆ ಸಾಗುತ್ತಾಳೆ. ಹೊಳೆಯ ಆ ತಿರುವೇ ಊರಿಗೆ ಹೆಸರಾಗಿದೆ. ಬೆಟ್ಟ ಅಡ್ಡ ಬಂದಿತೆಂದು ನದಿ ಅಲ್ಲಿಯೇ ನಿಲ್ಲಲಿಲ್ಲ. ಆದರೆ ಕ್ರೀಡಾಕೂಟದಲ್ಲಿ ಸೋತು ಬಂದ ನಮ್ಮ ಮಕ್ಕಳು ಎಷ್ಟೋ ವೇಳೆ ಅಲ್ಲಿಯೇ ನಿಂತುಬಿಡುತ್ತಾರೆ. ಊಟ ಬಿಟ್ಟು ಮೂಲೆ ಹಿಡಿದ ಮಗನಿಗೆ ಏನು ಹೇಳಬೇಕೆಂದು ತಿಳಿಯದೆ ತಂದೆತಾಯಿಗಳು ತಳಮಳಿಸುತ್ತಾರೆ. ಅಂತಹ ಮನೆಗಳಿಗೆ ಇಟಲಿಯ ಸೈಕಲ್ ಪಟು ಜಿನೊ ಬಾರ್ತಲಿಯವರ ಬಾಳು ಬೆಳಕಾಗಬಲ್ಲದು.

ಬಾರ್ತಲಿಯವರು ಜನಿಸಿದ್ದು 1914ರ ಜುಲೈ 18ರಂದು, ಫ್ಲಾರೆನ್ಸ್ ನಗರದ ಸಮೀಪದ ಪೊಂತೆ ಆ ಎಮಾ ಎಂಬ ಹಳ್ಳಿಯಲ್ಲಿ. ತಂದೆ ಕೂಲಿಕಾರರು, ಮನೆಯಲ್ಲಿ ಬಡತನವಿತ್ತು, ಜೊತೆಗೆ ದೈವಭಕ್ತಿಯೂ ಇತ್ತು. ಬಾಲ್ಯದಲ್ಲಿಯೇ ಸೈಕಲ್ ರಿಪೇರಿ ಅಂಗಡಿ ಸೇರಿದ ಜಿನೊ, 1936ರಲ್ಲಿ ಇಟಲಿಯ ಮಹಾಪಂದ್ಯವಾದ ಜಿರೊ ದಿ ಇಟಾಲಿಯಾವನ್ನು ಗೆದ್ದರು. ಆ ಸಂಭ್ರಮ ಒಂದೆರಡು ವಾರವೂ ಉಳಿಯಲಿಲ್ಲ. ಪಂದ್ಯವೊಂದರಲ್ಲಿ ಕಾರಿಗೆ ಡಿಕ್ಕಿ ಹೊಡೆದು ತಮ್ಮ ಜೂಲಿಯೊ ಅಸುನೀಗಿದನು. ಸೈಕಲ್ಲನ್ನೇ ತ್ಯಜಿಸಬೇಕೆಂದು ಜಿನೊ ಯೋಚಿಸಿದರು. ಕೊನೆಗೆ ಪ್ರಾರ್ಥನೆಯ ಬಲದಿಂದ ಪಂದ್ಯಕ್ಕೆ ಮರಳಿದರು. ಕಾರ್ಮೆಲ್ ಸಭೆಯ ಗೃಹಸ್ಥ ಸದಸ್ಯರೂ ಆದರು.

1937ರಲ್ಲಿ ಅವರು ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಮುಂಚೂಣಿಯಲ್ಲಿದ್ದು ಹಳದಿ ಅಂಗಿ ಧರಿಸಿದ್ದರು. ಆಗ ಪರ್ವತದ ದಾರಿಯಲ್ಲಿ ಆಯತಪ್ಪಿ ಹೊಳೆಗೆ ಬಿದ್ದರು. ಮೈಯೆಲ್ಲ ಗಾಯವಾಗಿದ್ದರೂ ಸವಾರಿ ಮುಂದುವರಿಸಿದರು. ಆದರೆ ಕೆಲವೇ ದಿನಗಳಲ್ಲಿ ಅಧಿಕಾರಿಗಳ ಆಜ್ಞೆಯಂತೆ ಪಂದ್ಯದಿಂದ ಹಿಂದೆ ಸರಿಯಬೇಕಾಯಿತು. ಮರುವರ್ಷ ಅದೇ ಪಂದ್ಯವನ್ನು ಗೆದ್ದಾಗ, ಅಂದಿನ ಸರ್ವಾಧಿಕಾರಿ ಮುಸೊಲಿನಿಗೆ ಆ ಜಯವನ್ನು ಅರ್ಪಿಸಲಿಲ್ಲ. ಗೆಲುವಿನ ಹೂಗಳನ್ನು ಮಾತೆ ಮರಿಯಮ್ಮನವರ ಪೀಠಕ್ಕೆ ಒಯ್ದರು.

1940ರ ಜಿರೊ ಪಂದ್ಯದಲ್ಲಿ ಅವರೇ ತಂಡದ ನಾಯಕರು. ಎರಡನೆಯ ದಿನವೇ ನಾಯಿಯೊಂದು ಅಡ್ಡ ಬಂದು ಅವರು ಬಿದ್ದರು. ಗೆಲ್ಲುವ ಆಸೆ ಮುಗಿಯಿತು. ಮುನಿಸಿಕೊಂಡು ಮನೆಗೆ ಹೊರಟುಹೋಗಬಹುದಿತ್ತು. ಆದರೆ ಅವರು ತಂಡದ 20 ವರ್ಷದ ಯುವಕ ಫೌಸ್ತೊ ಕೊಪ್ಪಿಯ ಬೆಂಬಲಕ್ಕೆ ನಿಂತು, ಬೆಟ್ಟದ ಕಡಿದಾದ ಏರುಗಳಲ್ಲಿ ಧೈರ್ಯ ತುಂಬಿ, ಅವನು ಗೆಲ್ಲಲು ನೆರವಾದರು. ಅದೇ ಕೊಪ್ಪಿ ಮುಂದೆ ಅವರ ಪ್ರಬಲ ಪ್ರತಿಸ್ಪರ್ಧಿಯಾದನು.

ಬಳಿಕ ಮಹಾಯುದ್ಧವು ಅವರ ಪ್ರಾಯದ ಅತ್ಯುತ್ತಮ ವರ್ಷಗಳನ್ನು ನುಂಗಿತು. 1940ರಿಂದ 1946ರವರೆಗೆ ಟೂರ್ ಪಂದ್ಯ ನಡೆಯಲೇ ಇಲ್ಲ. ಕ್ರೀಡಾಪಟುವಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಆದರೆ ದೇವರು ಅವರ ಕಾಲುಗಳಿಗೆ ಬೇರೆ ಕೆಲಸವಿಟ್ಟಿದ್ದರು. 1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿ ಯೆಹೂದ್ಯರ ಬೇಟೆಗೆ ತೊಡಗಿದಾಗ, ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಎಲಿಯಾ ದಲ್ಲಾ ಕೊಸ್ತಾ ಅವರು ಬಾರ್ತಲಿಯವರ ನೆರವು ಕೋರಿದರು. ಅಭ್ಯಾಸದ ಸವಾರಿಯ ನೆಪದಲ್ಲಿ, ಸೈಕಲ್ಲಿನ ಕೊಳವೆಯೊಳಗೆ ಗುರುತುಪತ್ರಗಳನ್ನು ಅಡಗಿಸಿ, ಅಸ್ಸಿಸಿಯಂತಹ ದೂರದ ಊರುಗಳಿಗೆ ಅವರು ಒಯ್ದರು. ಫ್ಲಾರೆನ್ಸಿನಿಂದ ಅಸ್ಸಿಸಿಗೆ ಇರುವ ದೂರ ಮೈಸೂರು–ಬೆಂಗಳೂರು ದಾರಿಗಿಂತಲೂ ಹೆಚ್ಚು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ಆ ಪಯಣಕ್ಕೆ ಪದಕವಿರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

1948ರಲ್ಲಿ, 34ನೆಯ ವಯಸ್ಸಿನಲ್ಲಿ, ಹತ್ತು ವರ್ಷಗಳ ಅಂತರದ ನಂತರ ಅವರು ಮತ್ತೆ ಟೂರ್ ಗೆದ್ದು ಲೋಕವನ್ನು ಬೆರಗುಗೊಳಿಸಿದರು. ಆ ಗೆಲುವು ಎಲ್ಲರಿಗೂ ತಿಳಿಯಿತು. ಯುದ್ಧಕಾಲದ ಸೇವೆಯ ಬಗ್ಗೆ ಅವರು ಬಹುಮಟ್ಟಿಗೆ ಮೌನ ವಹಿಸಿದರು. 2000ದ ಮೇ 5ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. 2013ರಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಯೆಹೂದ್ಯರ ಪ್ರಾಣ ಉಳಿಸಲು ಶ್ರಮಿಸಿದ ಅನ್ಯಜನಾಂಗದ ನೀತಿವಂತರ ಸಾಲಿಗೆ ಸೇರಿಸಿತು.

ತತ್ತ್ವಶಾಸ್ತ್ರವು ಸಾಧನ ಬೇರೆ, ಗುರಿ ಬೇರೆ ಎಂದು ಕಲಿಸುತ್ತದೆ. ಆಟ ಒಂದು ಸಾಧನ. ದೇಹ, ಮನಸ್ಸು ಮತ್ತು ಸ್ನೇಹಗಳನ್ನು ಬೆಳೆಸಲು ದೇವರಿತ್ತ ವರ. ಅದನ್ನೇ ಬಾಳಿನ ಗುರಿಯೆಂದು ಭ್ರಮಿಸಿದಾಗ ಒಂದು ಸೋಲಿಗೆ ಬಾಳೇ ಕುಸಿದಂತೆ ತೋರುತ್ತದೆ. ಸಂತ ಪೌಲರು ಕ್ರೈಸ್ತ ಜೀವನವನ್ನು ಓಟಕ್ಕೆ ಹೋಲಿಸಿ, ಬಾಡಿಹೋಗುವ ಜಯಮಾಲೆಗೂ ಎಂದೂ ಬಾಡದ ಜಯಮಾಲೆಗೂ ಇರುವ ಅಂತರವನ್ನು ತೋರಿಸಿದ್ದಾರೆ. ಬಾರ್ತಲಿಯವರಿಗೆ ಆ ಅಂತರ ತಿಳಿದಿತ್ತು. ಆದುದರಿಂದಲೇ ಪಂದ್ಯಗಳಿಲ್ಲದ ದಿನಗಳಲ್ಲಿಯೂ ಅವರ ಶ್ರಮ ವ್ಯರ್ಥವಾಗಲಿಲ್ಲ.

ತಂದೆತಾಯಿಗಳೇ, ಸೋತು ಬಂದ ಮಗುವಿನ ಕಣ್ಣೀರನ್ನು ಹೀಯಾಳಿಸಬೇಡಿ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಲೂಬೇಡಿ. ಅಂದು ಸಂಜೆ ಜಪಸರ ಹಿಡಿದಾಗ ಆ ಸೋಲನ್ನೂ ಪ್ರಭುವಿನ ಕೈಗೆ ಒಪ್ಪಿಸಿರಿ. ಮರುದಿನ ಗೆದ್ದ ಗೆಳೆಯನ ಕೈಕುಲುಕಲು ಮಗುವಿಗೆ ಕಲಿಸಿರಿ. ಬೆಟ್ಟ ಅಡ್ಡ ಬಂದರೂ ಬಾಗಿ ಹರಿದ ಹೊಳೆಯೇ ಅಲ್ಲವೇ ಕೆಳಗಿನ ಗದ್ದೆಗಳಿಗೆ ನೀರುಣಿಸುವುದು?