ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರು (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ಅರಸರು, ಗ್ರಂಥಕರ್ತರು ಹಾಗೂ ಕಲಾಪೋಷಕರು. ಅರಸೊತ್ತಿಗೆಯ ಸಂಪ್ರದಾಯವು ಅರಸನ ಪೌರುಷಕ್ಕೆ ಎರಡು ಸಾಕ್ಷಿಗಳನ್ನು ಬೇಡುತ್ತಿತ್ತು: ರಣದಲ್ಲಿ ಜಯ, ಅರಮನೆಯಲ್ಲಿ ಗಂಡು ಸಂತಾನ. ಮೈಸೂರು ಅರಸರು ಧರಿಸುತ್ತಿದ್ದ ‘ಬಿರುದೆಂತೆಂಬರ ಗಂಡ’ ಎಂಬ ಬಿರುದಿನಲ್ಲಿಯೇ ಈ ನಿರೀಕ್ಷೆ ಕಾಣುತ್ತದೆ. ಇವರಿಗೆ ಎರಡೂ ದಕ್ಕಲಿಲ್ಲ. ಇವರ ರಾಜಕೀಯ ಜೀವನದ ಬಹುಭಾಗ ಆ ಕೊರತೆಯ ಸುತ್ತಲೇ ಸಾಗಿತು.

ಪಟ್ಟಾಭಿಷೇಕ

ಟಿಪ್ಪು ಸುಲ್ತಾನನ ಪತನಾನಂತರ 1799ರ ಜೂನ್ 30ರಂದು, ಐದು ವರ್ಷವೂ ತುಂಬದ ಬಾಲಕನಿಗೆ ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು. 1811ರ ವೇಳೆಗೆ ಅಧಿಕಾರ ಅರಸರ ಕೈಗೆ ಬಂದಿತು. ಆದರೆ ಸಂಸ್ಥಾನದ ರಕ್ಷಣೆ ಕಂಪನಿಯದಾಗಿತ್ತು. ಅದಕ್ಕೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ತೆರಬೇಕಿತ್ತು. ಯುದ್ಧ ಮಾಡುವ ಸ್ವಾತಂತ್ರ್ಯವಿಲ್ಲದ ಅರಸನಿಗೆ ವೀರಬಿರುದುಗಳು ಉಳಿದಿದ್ದವು.

ನಗರದ ದಂಗೆ

ಶರತ್ತು ಪದ್ಧತಿಯ ಕಂದಾಯ ವಸೂಲಿಯಿಂದ ರೈತರು ಬೇಸತ್ತಿದ್ದರು. 1830ರಲ್ಲಿ ನಗರ ಪ್ರಾಂತ್ಯದಲ್ಲಿ ಬೂದಿ ಬಸವಪ್ಪನು ತಾನೇ ಅಲ್ಲಿನ ಅರಸನೆಂದು ಸಾರಿದನು. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕ, ಸರ್ಜಾ ಹನುಮಪ್ಪ ನಾಯಕರೂ ದಂಗೆಯಲ್ಲಿ ಸೇರಿದರು. ಇಂದಿನ ತರೀಕೆರೆ, ಅಜ್ಜಂಪುರ, ಕಡೂರು ಸೀಮೆಯಲ್ಲಿ ಹಳೆಯ ನಾಯಕರ ಹೆಸರಿಗೆ ಇನ್ನೂ ಬೆಲೆಯಿತ್ತು. ಅರಸರು ಸ್ವತಃ ದಂಡಿನೊಡನೆ ಚನ್ನರಾಯಪಟ್ಟಣಕ್ಕೆ ತೆರಳಿದರೂ ದಂಗೆ ಅಡಗಲಿಲ್ಲ. 1831ರಲ್ಲಿ ನಗರ ಕಂಪನಿಯ ಸೈನ್ಯಕ್ಕೆ ವಶವಾಯಿತು.

ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡನು. ಅರಸರು ದುಂದುಗಾರರು, ಆಪ್ತರ ಮಾತಿಗೆ ಮಣಿಯುವ ಮೃದು ಸ್ವಭಾವದವರು ಎಂಬ ಚಿತ್ರಣ ಇದಕ್ಕೆ ಸಮರ್ಥನೆಯಾಯಿತು. ದುಂದು ಇದ್ದುದು ನಿಜ. ಆದರೆ ವರದಿಗಳು ಉತ್ಪ್ರೇಕ್ಷಿತವಾಗಿದ್ದವೆಂಬ ಸಂಶಯ ಮುಂದೆ ಬೆಂಟಿಂಕನಿಗೇ ಬಂದಿತು. ಅರಸರಿಗೆ ವಾರ್ಷಿಕ 1 ಲಕ್ಷ ಸ್ಟಾರ್ ಪಗೋಡ ಹಾಗೂ ನಿವ್ವಳ ಆದಾಯದ ಐದನೆಯ ಒಂದು ಭಾಗ ನಿಗದಿಯಾಯಿತು.

ಸಾಹಿತ್ಯ ಮತ್ತು ಕಲೆ

ಅಧಿಕಾರವಿಲ್ಲದ ವರ್ಷಗಳಲ್ಲಿ ಅರಸರು ಮತ್ತೊಂದು ರೀತಿಯ ದೊರೆತನವನ್ನು ಕಟ್ಟಿಕೊಂಡರು. ಇವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ದೇವತಾಮೂರ್ತಿಗಳ ಜೊತೆಗೆ 122 ಆಸನಗಳ ಚಿತ್ರಗಳಿವೆ. ಕತ್ತಿಯ ಕಾಳಗ ತಪ್ಪಿದ ಅರಸರು ಚದುರಂಗದ ಮಣೆಯ ಮೇಲೆ ಕುದುರೆಯ ನಡೆಯ ಜಟಿಲ ಬಂಧಗಳನ್ನು ರಚಿಸಿದುದು ಗಮನಾರ್ಹ. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಇವರ ಕಾಲದ ಗದ್ಯಕೃತಿ. ಮೈಸೂರಿನ ಜಗನ್ಮೋಹನ ಅರಮನೆಯನ್ನು 1861ರಲ್ಲಿ ಕಟ್ಟಿಸಿದರು.

ದತ್ತು ಸ್ವೀಕಾರ

ನ್ಯಾಯಸಮ್ಮತ ಗಂಡು ಉತ್ತರಾಧಿಕಾರಿಯಿಲ್ಲದಿರುವುದನ್ನೇ ನೆಚ್ಚಿ ಡಾಲ್‌ಹೌಸಿಯು, ಅರಸರ ನಂತರ ಸಂಸ್ಥಾನ ಬ್ರಿಟಿಷರಿಗೆ ಸೇರಬೇಕೆಂದು ಬಯಸಿದ್ದನು. ರಾಜ್ಯವನ್ನು ಮರಳಿಸಬೇಕೆಂಬ ಅರಸರ ಮನವಿಗಳು ಪದೇ ಪದೇ ತಿರಸ್ಕೃತವಾದವು. ಎಪ್ಪತ್ತರ ಅಂಚಿನಲ್ಲಿ, 1865ರ ಜೂನ್‌ನಲ್ಲಿ, ಅವರು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ಪಡೆದರು. ಶಾಸ್ತ್ರಕ್ಕೆ ದತ್ತುಮಗನೂ ಮಗನೇ. ಕಲ್ಕತ್ತೆಯ ಸರ್ಕಾರ ಅದನ್ನು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನ ಕನ್ಸರ್ವೇಟಿವ್ ಸರ್ಕಾರ ದತ್ತುಪುತ್ರನ ಹಕ್ಕನ್ನು ಮಾನ್ಯ ಮಾಡಿತು. ಆಗಿನ ಭಾರತ ಸಚಿವ ಸ್ಟಾಫರ್ಡ್ ನಾರ್ತ್‌ಕೋಟ್. ಮರುವರ್ಷ ಅರಸರು ನಿಧನರಾದರು. ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ಆಡಳಿತಾಧಿಕಾರ ಮರಳಿತು.